ಕರುಮತ್ತಂಪಟ್ಟಿಯ ಬಿಷಪ್ ಬ್ರೆಸಿಯಾಕ್
(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ವಾರ ಪಾಠ ಮುಗಿದ ಮೇಲೆ ನಮ್ಮ ಕೇಂದ್ರದ ಒಬ್ಬ ಅಕ್ಕ ನನ್ನ ಹತ್ತಿರ ಬಂದರು. ಅವರು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಐದಾರು ವರ್ಷ ದುಡಿದು ಬಂದವರು. "ಮೇಷ್ಟ್ರೇ, ಅವಿನಾಶಿಯಿಂದ ಕೊಯಮತ್ತೂರಿಗೆ ಹೋಗೋ ದಾರೀಲಿ ಕರುಮತ್ತಂಪಟ್ಟಿ ಅಂತ ಊರು ಬತ್ತದೆ. ಅಲ್ಲಿ ದೊಡ್ಡ ಚರ್ಚು ಅದೆ. ಯಾರು ಕಟ್ಟಿದ್ದು? ಅಲ್ಲಿ ಕ್ರೈಸ್ತರು ಎಂದಿನಿಂದ ಇದ್ದಾರೆ?" ಅಂತ ಕೇಳಿದರು. ನನಗೆ ಆಗ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಓದಿಕೊಂಡು ಬಂದು ಹೇಳ್ತೀನಿ ಅಂದೆ. ಓದಿದೆ. ಓದ್ತಾ ಓದ್ತಾ ಚರ್ಚಿಗಿಂತ ಹೆಚ್ಚಾಗಿ ಅಲ್ಲಿದ್ದ ಒಬ್ಬ ಮನುಷ್ಯನ ಕತೆ ನನ್ನನ್ನು ಹಿಡಿದುಕೊಂಡಿತು. ಇವತ್ತು ಆ ಮನುಷ್ಯನ ವಿಚಾರ ಮಾತಾಡ್ತೀನಿ.

ಅವರ ಹೆಸರು ಮೆಲ್ಕಿಯೋರ್ ದ ಮರಿಯೋನ್ ಬ್ರೆಸಿಯಾಕ್. ಉದ್ದ ಹೆಸರು. ನಾವು ಬ್ರೆಸಿಯಾಕ್ ಅಂತ ಕರೆಯೋಣ. ಅವರು ಫ್ರಾನ್ಸ್ ದೇಶದವರು. ಅವರ ಭಾಷೆಯಲ್ಲಿ ಈ ಹೆಸರನ್ನು ಬರೆಯುವಾಗ ನಡುವೆ ಎರಡು 'ಲ' ಬರುತ್ತವೆ, ಓದುವಾಗ ಅದು 'ಯ' ಆಗುತ್ತದೆ. ಒತ್ತಕ್ಷರ ಕಷ್ಟ ಅಂತ ದಿನಾ ನನ್ನ ಮೇಲೆ ಸಿಟ್ಟು ಮಾಡ್ಕೊಳ್ತೀರಲ್ಲ, ನೋಡಿ, ನಮ್ಮ ಕನ್ನಡ ಎಷ್ಟೋ ವಾಸಿ. ಬರೆದದ್ದನ್ನೇ ಓದ್ತೀವಿ.

ಮೊದಲು ಜಾಗದ ಮಾತು. ಕೊಯಮತ್ತೂರು ಅಂದರೆ ಪರದೇಶ ಅಂದುಕೋಬೇಡಿ. ನಮ್ಮ ಕೊಳ್ಳೇಗಾಲ ತಾಲೂಕು 1956ರ ನವೆಂಬರ್ ಒಂದರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಮ್ಮ ತಾತಂದಿರು ಜಮೀನಿನ ವ್ಯಾಜ್ಯ ಅಂದರೆ ಆ ಕಡೆಗೆ ಮುಖ ಮಾಡುತ್ತಿದ್ದರು. ಇವತ್ತಿಗೂ ಚಾಮರಾಜನಗರದಿಂದ ಬಸ್ಸು ಹತ್ತಿದರೆ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈ ಮುಗಿದು, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿದರೆ ಕೊಯಮತ್ತೂರು. ಆ ಸೀಮೆಯಲ್ಲಿ ಮಗ್ಗದ ಕೆಲಸದ ದೇವಾಂಗದವರು, ಬೇಸಾಯದ ಒಕ್ಕಲಿಗರು, ಕುರುಬರು ಇವತ್ತಿಗೂ ಮನೆಯೊಳಗೆ ಕನ್ನಡ ಆಡ್ತಾರೆ. ಬೀದಿಗೆ ಬಂದರೆ ತಮಿಳು. ತಿರುಪ್ಪೂರು ಬೇರೆ ಜಿಲ್ಲೆ ಆದದ್ದು 2009ರಲ್ಲಿ. ಅದಕ್ಕೂ ಮುಂಚೆ ಅದರ ಬಹುಪಾಲು ಕೊಯಮತ್ತೂರು ಜಿಲ್ಲೆಯೇ.

ಹಿಂದೆ ಆ ಸೀಮೆಯನ್ನು ಮೈಸೂರಿನವರು ಆಳಿದ್ದರು. ಅಲ್ಲಿಗೆ ಬಂದ ಕ್ರೈಸ್ತ ಗುರುಗಳೂ ಮೈಸೂರು ಮಿಷನ್ನಿಗೆ ಸೇರಿದವರು. ಆ ಮಿಷನ್ ಶುರು ಮಾಡಿದವರು ಲಿಯೊನಾರ್ದೊ ಚಿನ್ನಮಿ ಅನ್ನುವ ಇಟಲಿಯ ಜೆಸುಯಿಟ್ ಗುರು. ಅವರು 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದರು. ಕನ್ನಡ ಕಲಿತರು. ಕಲಿತದ್ದು ಎಷ್ಟರಮಟ್ಟಿಗೆ ಅಂದರೆ ಕನ್ನಡಕ್ಕೆ ಒಂದು ವ್ಯಾಕರಣವನ್ನೇ ಬರೆದರು. ಆಮೇಲೆ 1773ರಲ್ಲಿ ಜೆಸುಯಿಟ್ ಸಂಘವನ್ನೇ ಪೋಪರು ಮುಚ್ಚಿದರು. ಗುರುಗಳು ಕಡಿಮೆಯಾದರು. ಹೈದರ್ ಮತ್ತು ಟಿಪ್ಪು ಕಾಲದ ಯುದ್ಧಗಳು ಬಂದವು, ಹಲವು ಚರ್ಚುಗಳು ಹಾಳಾದವು. ಆ ಕೆಲಸ ಫ್ರಾನ್ಸಿನ ಪ್ಯಾರಿಸ್ ನಗರದ ಒಂದು ಸಂಘದ ಕೈಗೆ ಬಂತು. ಆ ಸಂಘದ ಮುಖ್ಯ ಕಚೇರಿ ನಮ್ಮ ಕಡೆಗೆ ಪಾಂಡಿಚೇರಿ. ಈ ಸಂಘದ ಮೂಲಕವೇ ಬ್ರೆಸಿಯಾಕ್ ಬಂದದ್ದು.

ಅವರು ಹುಟ್ಟಿದ್ದು 1813ರ ಡಿಸೆಂಬರ್ 2ರಂದು, ಫ್ರಾನ್ಸಿನ ದಕ್ಷಿಣದ ಕಾಸ್ತೆಲ್‌ನೊದಾರಿ ಅನ್ನುವ ಪಟ್ಟಣದಲ್ಲಿ. ದೊಡ್ಡ ಮನೆತನ. ಆದರೆ ಫ್ರಾನ್ಸಿನ ಕ್ರಾಂತಿಯ ನಂತರ ದೊಡ್ಡ ಮನೆತನಗಳ ಹತ್ತಿರ ಹೆಸರು ಉಳಿದಿತ್ತು, ದುಡ್ಡು ಅಷ್ಟಾಗಿ ಉಳಿದಿರಲಿಲ್ಲ. ನಮ್ಮೂರಲ್ಲೂ ಇಂಥ ಮನೆಗಳಿವೆ, ನಿಮಗೆ ಗೊತ್ತು. ಇವರು ಹಿರಿಯ ಮಗ. ಬಾಲ್ಯದಲ್ಲಿ ಶಾಲೆಗೆ ಕಳಿಸಲಿಲ್ಲ, ತಂದೆಯೇ ಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದರು. ಆಮೇಲೆ ಗುರುಗಳಾಗುವ ಓದು ಓದಿ 1838ರಲ್ಲಿ ಪಾದ್ರಿಯಾದರು. ಹುಟ್ಟಿದ ಊರಿನ ಸಂತ ಮಿಖಾಯೇಲರ ಚರ್ಚಿನಲ್ಲೇ ಕೆಲಸ ಸಿಕ್ಕಿತು. ಮನೆ ಹತ್ತಿರ. ತಂದೆ ತಾಯಿಗೆ ಸಂತೋಷ.

ಇವರಿಗೆ ಮಾತ್ರ ನೆಮ್ಮದಿ ಇಲ್ಲ. ದೂರದ ದೇಶಕ್ಕೆ ಹೋಗಬೇಕು ಅನ್ನುವ ಆಸೆ. ತಂದೆ ಒಪ್ಪಲಿಲ್ಲ. ಯಾವ ತಂದೆ ಒಪ್ಪುತ್ತಾನೆ ಹೇಳಿ? ಆ ಕಾಲದಲ್ಲಿ ಹಡಗು ಹತ್ತಿ ಪೂರ್ವದೇಶಕ್ಕೆ ಹೋದ ಪಾದ್ರಿಗಳಲ್ಲಿ ತಿರುಗಿ ಊರು ಕಂಡವರು ಕಡಿಮೆ. ಅಕ್ಷರ ಕಲಿಸಿದ ತಂದೆ, ಕಲಿತ ಮಗ, ಇಬ್ಬರ ನಡುವೆ ಇದೊಂದು ಮುಳ್ಳು. 1841ರಲ್ಲಿ ಮಗ ಹೊರಟೇಬಿಟ್ಟರು. ಪ್ಯಾರಿಸ್ಸಿಗೆ ಹೋಗಿ ಆ ಸಂಘ ಸೇರಿದರು. ಮಾರನೇ ವರ್ಷ, 1842ರ ಜುಲೈ ತಿಂಗಳಲ್ಲಿ ಪಾಂಡಿಚೇರಿಯ ದಡದಲ್ಲಿ ಇಳಿದರು. ಆಗ ವಯಸ್ಸು 28.

ಇಳಿದ ಮೇಲೆ ಮೊದಲ ಕೆಲಸ ಏನು ಗೊತ್ತಾ? ಅ ಆ ಇ ಈ. ತಮಿಳು ಕಲಿಯೋದು. ಸೇಲಂ ಕಡೆಗೆ ಕಳಿಸಿದರು. ಮಾತೂ ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ. ತಮಿಳಿನಲ್ಲಿ ಸ್ವರ 12, ವ್ಯಂಜನ 18, ಎಲ್ಲ ಗುಣಿತ ಸೇರಿದರೆ 247 ಅಕ್ಷರ. 28ನೇ ವಯಸ್ಸಿನಲ್ಲಿ, ಲ್ಯಾಟಿನ್ ಓದಿದ ಪಂಡಿತ, ಮಕ್ಕಳ ಹಾಗೆ ಕೂತು ಅದನ್ನು ತಿದ್ದಬೇಕು. ಇಲ್ಲಿ ನೀವೂ 40ರಲ್ಲಿ, 50ರಲ್ಲಿ ಸ್ಲೇಟು ಹಿಡಿದವರು. ಕೈ ನಡುಗೋದು ಹೇಗಿರುತ್ತೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಈಗ ಅವರ ಬದುಕಿನ ಮುಖ್ಯ ವಿಚಾರಕ್ಕೆ ಬರ್ತೀನಿ. ಸ್ವಲ್ಪ ಗಮನ ಕೊಡಿ.

ಆ ಪ್ಯಾರಿಸ್ ಸಂಘ ಹುಟ್ಟಿದ್ದು 17ನೇ ಶತಮಾನದಲ್ಲಿ. ಅದು ಹುಟ್ಟಿದ್ದರ ಉದ್ದೇಶವೇ ಒಂದು: ಹೋದ ದೇಶದಲ್ಲಿ ಆ ದೇಶದವರನ್ನೇ ಗುರುಗಳನ್ನಾಗಿ, ಬಿಷಪ್ಪರನ್ನಾಗಿ ತಯಾರು ಮಾಡೋದು. ತಯಾರಾದ ಮೇಲೆ ಹೊರಗಿನವರು ಜಾಗ ಬಿಟ್ಟು ಮುಂದಕ್ಕೆ ಹೋಗೋದು. ಕಾಗದದ ಮೇಲೆ ಹೀಗಿತ್ತು. ಬ್ರೆಸಿಯಾಕ್ ಅದನ್ನು ನಂಬಿ ಬಂದವರು. ಇಲ್ಲಿ ಬಂದು ನೋಡಿದರೆ ಇನ್ನೂರು ವರ್ಷ ಹತ್ತಿರ ಬಂದರೂ ಇಂಡಿಯಾದ ಗುರುಗಳು ಬೆರಳೆಣಿಕೆ. ಇದ್ದವರಿಗೂ ಯುರೋಪಿನವರ ಕೈಕೆಳಗಿನ ಕೆಲಸ. "ಇವರಿಗೆ ಇನ್ನೂ ಸಾಲದು, ಇನ್ನೂ ಕಲಿಯಲಿ, ಇನ್ನೂ ಕಾಯೋಣ" ಅನ್ನುವ ಧೋರಣೆ. ಈ ಮಾತು ನಾವು ಎಲ್ಲೆಲ್ಲಿ ಕೇಳಿದ್ದೇವೆ! ಪಂಚಾಯ್ತಿಯಲ್ಲಿ ಮಹಿಳಾ ಮೆಂಬರು ಗೆದ್ದು ಬಂದರೆ, ಪಕ್ಕದಲ್ಲಿ ಗಂಡ ಕೂತು "ಇವಳಿಗೆ ಇನ್ನೂ ಗೊತ್ತಾಗಲ್ಲ" ಅಂತಾನಲ್ಲ, ಅದೇ ಧಾಟಿ.

1844ರಲ್ಲಿ ಪಾಂಡಿಚೇರಿಯಲ್ಲಿ ಗುರುಗಳ ಒಂದು ದೊಡ್ಡ ಸಭೆ ಸೇರಿತು. ಸ್ಥಳೀಯರನ್ನು ಗುರುಗಳನ್ನಾಗಿ ಮಾಡುವ ವಿಚಾರ, ಶಾಲೆಗಳ ವಿಚಾರ ಅಲ್ಲಿ ಮುಖ್ಯವಾಗಿ ಚರ್ಚೆಯಾಯಿತು. ಅದೇ ವರ್ಷ ಬ್ರೆಸಿಯಾಕ್ ಅವರನ್ನು ಪಾಂಡಿಚೇರಿಯ ಕಿರಿಯ ಸೆಮಿನರಿಗೆ ಮುಖ್ಯಸ್ಥರನ್ನಾಗಿ ಮಾಡಿದರು. ಸೆಮಿನರಿ ಅಂದರೆ ಗುರುಗಳಾಗಬೇಕು ಅನ್ನುವ ಹುಡುಗರ ಶಾಲೆ. ಕನ್ನಡದಲ್ಲಿ ಗುರುಮಠ ಅಂತ ಬರೆಯುತ್ತಾರೆ. ಅಲ್ಲಿ ಓದು ಸುಲಭ ಅಲ್ಲ. ಮೊದಲು ಲ್ಯಾಟಿನ್ ಕಲಿಯಬೇಕು, ಯಾಕೆಂದರೆ ಆಗ ಪೂಜೆ, ಪುಸ್ತಕ, ಎಲ್ಲ ಲ್ಯಾಟಿನ್ನಿನಲ್ಲೇ. ಆಮೇಲೆ ತತ್ವಶಾಸ್ತ್ರ, ಆಮೇಲೆ ದೇವಶಾಸ್ತ್ರ. ಹತ್ತು ಹನ್ನೆರಡು ವರ್ಷದ ಕೆಲಸ. ತಮಿಳು ಮನೆಮಾತಿನ ಹುಡುಗ ಅಷ್ಟು ವರ್ಷ ಕೂತು ಓದಬೇಕು, ಮನೆಯವರು ಅಷ್ಟು ವರ್ಷ ಅವನ ದುಡಿಮೆ ಬಿಟ್ಟುಕೊಡಬೇಕು. ನಡುವೆ ಬಿಟ್ಟುಹೋಗುವವರೇ ಹೆಚ್ಚು. ಹತ್ತು ಜನ ಸೇರಿದರೆ ಒಬ್ಬರೋ ಇಬ್ಬರೋ ಕೊನೆ ಮುಟ್ಟಿದರೆ ಹೆಚ್ಚು. ನಮ್ಮ ಕಲಿಕಾ ಕೇಂದ್ರದ ಹಾಜರಿ ಪುಸ್ತಕ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಇವರು ಆ ಹುಡುಗರ ಮೇಲೆ ನಂಬಿಕೆ ಇಟ್ಟರು. ಬರೀ ಕನಿಕರ ಪಡಲಿಲ್ಲ, ನಂಬಿದರು. ಎರಡೂ ಬೇರೆ ಬೇರೆ.

1845ರಲ್ಲಿ ಕೊಯಮತ್ತೂರು ಸೀಮೆಯ ಜವಾಬ್ದಾರಿ ಅವರಿಗೆ ಬಂತು. ಪಾಂಡಿಚೇರಿಯ ಕೈಕೆಳಗಿದ್ದ ದೊಡ್ಡ ಪ್ರದೇಶವನ್ನು ಆಗ ಒಡೆದು, ಮೈಸೂರಿಗೆ ಒಬ್ಬರು, ಕೊಯಮತ್ತೂರಿಗೆ ಒಬ್ಬರು ಅಂತ ಮಾಡಿದರು. ಮೈಸೂರು ಕಡೆಗೆ ಶಾರ್ಬೊನೊ ಅನ್ನುವವರು ಬಂದರು. ಅವರು ಬೆಂಗಳೂರಿನಲ್ಲಿ ಇದ್ದುಕೊಂಡು ಕೆಲಸ ಮಾಡಿದವರು. ಕೊಯಮತ್ತೂರಿಗೆ ಬ್ರೆಸಿಯಾಕ್.

1846ರ ಅಕ್ಟೋಬರ್ 4. ಅಂದು ಭಾನುವಾರ. ಕರುಮತ್ತಂಪಟ್ಟಿಯ ಚರ್ಚು ಜಪಮಾಲೆ ಮಾತೆಯದು, ಆ ಕಾಲದಲ್ಲಿ ಜಪಮಾಲೆ ಮಾತೆಯ ಹಬ್ಬ ಅಕ್ಟೋಬರಿನ ಮೊದಲ ಭಾನುವಾರ. ಸರಿಯಾಗಿ ಆ ದಿನವೇ ಅಲ್ಲಿ ಬ್ರೆಸಿಯಾಕ್ ಅವರಿಗೆ ಬಿಷಪ್ ದೀಕ್ಷೆ ಆಯಿತು. ವಯಸ್ಸು 32. ನಮ್ಮ ಕಡೆ ಆ ವಯಸ್ಸಿನಲ್ಲಿ ಮದುವೆಗೆ ಹೆಣ್ಣು ನೋಡುತ್ತಿರುತ್ತಾರೆ. ಊರಿಗೆ ರೈಲು ಇನ್ನೂ ಬಂದಿರಲಿಲ್ಲ, ಅದಕ್ಕೆ ಇನ್ನೂ ಹದಿನೈದು ವರ್ಷ ಬೇಕಿತ್ತು. ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆ. ಹತ್ತಿಯ ಹೊಲ, ನೊಯ್ಯಲ್ ಹೊಳೆಯ ಬಯಲು, ಸುತ್ತ ಮಗ್ಗದ ಸದ್ದು. ಇವತ್ತು ಪಕ್ಕದ ಸೋಮನೂರಿನಲ್ಲಿ ಕರೆಂಟಿನ ಮಗ್ಗಗಳು ಹಗಲು ರಾತ್ರಿ ಓಡುತ್ತವೆ. ಅವತ್ತು ಕೈಮಗ್ಗ.

ಇಲ್ಲಿ ಒಂದು ಸಣ್ಣ ವಿವರ ಹೇಳಿಬಿಡ್ತೀನಿ, ಪೇಪರಿನಲ್ಲಿ ಓದುವಾಗ ಗೊಂದಲ ಆಗಬಾರದು. ಕ್ಯಾಥೊಲಿಕ್ ಸಭೆಯಲ್ಲಿ ಒಂದು ಊರಿನ ಚರ್ಚು ನೋಡಿಕೊಳ್ಳುವವರು ಪಾದ್ರಿ, ಗುರು. ಒಂದು ಜಿಲ್ಲೆಯಷ್ಟು ಅಗಲದ ಪ್ರದೇಶಕ್ಕೆ ಒಬ್ಬ ಬಿಷಪ್, ಕನ್ನಡದಲ್ಲಿ ಧರ್ಮಾಧ್ಯಕ್ಷರು. ಹತ್ತಾರು ಬಿಷಪ್ಪರ ನಡುವೆ ಮುಖ್ಯ ಪೀಠದಲ್ಲಿ ಇರುವವರು ಆರ್ಚ್‌ಬಿಷಪ್, ಅಂದರೆ ಮಹಾಧರ್ಮಾಧ್ಯಕ್ಷರು. ನಮ್ಮ ಕಡೆಗೆ ಬೆಂಗಳೂರಿನಲ್ಲಿ ಇದ್ದಾರಲ್ಲ, ಅವರು. ಬ್ರೆಸಿಯಾಕ್ ಕಾಲದಲ್ಲಿ ಇಲ್ಲಿ ಈ ಏರ್ಪಾಡು ಇನ್ನೂ ಬಂದಿರಲಿಲ್ಲ. ಪೋಪರ ಪರವಾಗಿ ಆಡಳಿತ ನೋಡುವ ಬಿಷಪ್ಪರು ಇರುತ್ತಿದ್ದರು, ಅಷ್ಟೇ. 1850ರಲ್ಲಿ ಬ್ರೆಸಿಯಾಕ್ ಕೊಯಮತ್ತೂರಿಗೆ ಅಂಥ ಮೊದಲ ಪೂರ್ಣ ಅಧಿಕಾರಿಯಾದರು. ಏರ್ಪಾಡು ಬಂದದ್ದು 1886ರಲ್ಲಿ. ಆಗ ಪಾಂಡಿಚೇರಿ ಮಹಾಪ್ರಾಂತ, ಕೊಯಮತ್ತೂರು ಅದರ ಕೆಳಗಿನ ಧರ್ಮಪ್ರಾಂತ.

ಬಿಷಪ್ ಆದ ಮೇಲೆ ಅವರು ಮಾಡಿದ್ದು ಏನು? ಕೊಯಮತ್ತೂರಿನಲ್ಲಿ ಗುರುಮಠ ತೆರೆದರು. ತಾವೇ ಅದರ ಬೆನ್ನು ಹತ್ತಿ ನಿಂತರು. ಸಂತ ಮಿಖಾಯೇಲರ ಹೆಸರಿನ ದೊಡ್ಡ ಚರ್ಚಿನ ಕೆಲಸಕ್ಕೆ ಅವರ ಕಾಲದಲ್ಲೇ ಕೈ ಹಾಕಿದರು. ಅದು ಇವತ್ತಿಗೂ ಕೊಯಮತ್ತೂರಿನ ಬಿಷಪ್ಪರ ಮುಖ್ಯ ಚರ್ಚು. ಅವರು ಹುಟ್ಟೂರಲ್ಲಿ ಸೇವೆ ಮಾಡಿದ ಚರ್ಚಿನ ಹೆಸರೂ ಅದೇ ಅಂತ ಆಗಲೇ ಹೇಳಿದೆ. ಊರು ಬಿಟ್ಟವನು ಊರನ್ನು ಎಲ್ಲೋ ಒಂದು ಕಡೆ ಬಚ್ಚಿಟ್ಟುಕೊಂಡಿರುತ್ತಾನೆ, ಇದು ನನ್ನ ಊಹೆ. 1853ರಲ್ಲಿ ಅವರ ಕೈಕೆಳಗಿನ ರವೆಲ್ ಅನ್ನುವ ಪಾದ್ರಿಗಳು ಕೊಯಮತ್ತೂರಿನಲ್ಲಿ ಸನ್ಯಾಸಿನಿಯರ ಒಂದು ಸಂಘ ಕಟ್ಟಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸೋದು ಆ ಸಂಘದ ಕೆಲಸಗಳಲ್ಲಿ ಒಂದು. ಹೆಣ್ಣುಮಕ್ಕಳು ಓದೋದು ಅಂದರೆ ಜನ ನಗುತ್ತಿದ್ದ ಕಾಲ ಅದು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದು ಆಗಿನ್ನೂ ಐದು ವರ್ಷ.

ಇಷ್ಟೆಲ್ಲ ಕೇಳಿದರೆ ಎಲ್ಲ ಚೆನ್ನಾಗಿ ನಡೀತು ಅನಿಸುತ್ತದೆ. ಹಾಗೆ ಆಗಲಿಲ್ಲ.

ಒಂದು, ಜೊತೆಯ ಪಾದ್ರಿಗಳಲ್ಲೇ ಹಲವರಿಗೆ ಇವರ ಅವಸರ ಹಿಡಿಸಲಿಲ್ಲ. ಸ್ಥಳೀಯರಿಗೆ ಅಷ್ಟು ಬೇಗ ಅಧಿಕಾರ ಕೊಡಬಾರದು ಅನ್ನುವವರೇ ಹೆಚ್ಚು. ಅವರೆಲ್ಲ ಕೆಟ್ಟವರು ಅಂತ ಅಲ್ಲ. ಕಾಡು ಮೇಡು ಅಲೆದು, ಜ್ವರದಲ್ಲಿ ನರಳಿ ಸೇವೆ ಮಾಡಿದವರು ಅವರಲ್ಲಿ ಇದ್ದರು. ಪಕ್ಕದಲ್ಲಿ ಕೂತು ಗಂಜಿ ಕುಡಿಯಲು ಸಿದ್ಧ, ತಮ್ಮ ಕುರ್ಚಿಯ ಮೇಲೆ ಕೂರಿಸಲು ಸಿದ್ಧ ಇಲ್ಲ. ಇಂಥ ಒಳ್ಳೆಯವರು ಎಲ್ಲ ಕಾಲದಲ್ಲೂ ಇರ್ತಾರೆ.

ಇನ್ನೊಂದು ಜಾತಿಯ ವಿಚಾರ. ಇದನ್ನು ಮುಚ್ಚಿಟ್ಟು ಮಾತಾಡಲು ನನಗೆ ಇಷ್ಟವಿಲ್ಲ. ಆ ಕಾಲದ ತಮಿಳು ಸೀಮೆಯ ಹಲವು ಚರ್ಚುಗಳಲ್ಲಿ ಮೇಲುಜಾತಿಯವರು ಒಂದು ಕಡೆ, ದಲಿತರು ಇನ್ನೊಂದು ಕಡೆ ಕೂರುತ್ತಿದ್ದರು. ಕೆಲವು ಕಡೆ ನಡುವೆ ಗೋಡೆಯೇ ಇತ್ತು. ಮತ ಬದಲಾದರೂ ಜಾತಿ ಬದಲಾಗಲಿಲ್ಲ. ಮದುವೆ, ತಾಳಿ, ಹಣೆಗೆ ಹಚ್ಚುವುದು, ಸಾವಿನ ಶಾಸ್ತ್ರ, ಇವುಗಳಲ್ಲಿ ಊರಿನ ರೂಢಿ ಯಾವುದು, ಧರ್ಮ ಯಾವುದು, ಎಷ್ಟನ್ನು ಸಹಿಸಬೇಕು, ಎಷ್ಟನ್ನು ಬಿಡಿಸಬೇಕು ಅನ್ನುವ ಜಗಳ ಇವರು ಬರುವ ನೂರು ವರ್ಷ ಮುಂಚಿನಿಂದ ನಡೆದಿತ್ತು. 1744ರಲ್ಲಿ ಪೋಪರು ಒಂದು ಆಜ್ಞೆ ಹೊರಡಿಸಿದ್ದರು. ಇಲ್ಲಿಗೆ ಬರುವ ಪಾದ್ರಿಗಳೆಲ್ಲ ಆ ಆಜ್ಞೆಯಂತೆ ನಡೆಯುತ್ತೇವೆ ಅಂತ ಪ್ರಮಾಣ ಮಾಡಬೇಕಿತ್ತು. ಪ್ರಮಾಣ ಒಂದು, ನಡೆ ಒಂದು. ಬಹಳ ಜನ ಪಾದ್ರಿಗಳು ಕಂಡೂ ಕಾಣದ ಹಾಗೆ ಇದ್ದು ಕಾಲ ಹಾಕಿದರು.

ಬ್ರೆಸಿಯಾಕ್ ಅವರಿಗೆ ಹಾಗೆ ಇರಲು ಆಗಲಿಲ್ಲ. "ನಾನು ಪ್ರಮಾಣ ಮಾಡಿದ್ದೇನೆ. ನನ್ನ ಕೈಕೆಳಗೆ ನಡೆಯುತ್ತಿರುವುದು ಅದಕ್ಕೆ ಸರಿಯೋ ತಪ್ಪೋ, ಸ್ಪಷ್ಟವಾಗಿ ಹೇಳಿ" ಅನ್ನುವ ಅರ್ಥದಲ್ಲಿ ರೋಮಿಗೆ ಪತ್ರದ ಮೇಲೆ ಪತ್ರ ಬರೆದರು. ಪತ್ರ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ. ಬಂದ ಉತ್ತರ ಸ್ಪಷ್ಟ ಇಲ್ಲ. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವರಿಗೆ ಈ ನೋವು ಅರ್ಥವಾದೀತು. ನೇರವಾಗಿ 'ಇಲ್ಲ' ಅಂದರೂ ತಡಕೋಬಹುದು. 'ನೋಡೋಣ' ಅನ್ನೋದನ್ನ ತಡಕೊಳ್ಳೋಕಾಗಲ್ಲ.

ಒಂದು ಮಾತು ಹೇಳಬೇಕು. ಅವರನ್ನು ಜಾತಿಯ ವಿರುದ್ಧ ಹೋರಾಡಿದ ವೀರ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಊರ ರೂಢಿಗಳನ್ನು ಹೊರಗಿನವರು ಅವಸರದಲ್ಲಿ ಕಿತ್ತುಹಾಕಬಾರದು ಅನ್ನುವ ಕಡೆಗೂ ಅವರ ಮನಸ್ಸು ವಾಲಿತ್ತು. ಗೋಡೆಯ ಆ ಕಡೆ ಕೂತಿದ್ದ ದಲಿತ ಕ್ರೈಸ್ತನಿಗೆ ಇವರ ಮನಸ್ಸಿನ ತೊಳಲಾಟದಿಂದ ಆಗ ಏನು ಸಿಕ್ಕಿತು? ಏನೂ ಇಲ್ಲ. ಇದು ಅವರ ಮಿತಿ. ಆದರೆ ತನಗೆ ಸರಿ ಕಾಣದ್ದನ್ನು ಸರಿ ಅಂತ ತೋರಿಸಿಕೊಂಡು ಪೀಠದಲ್ಲಿ ಕೂರಲು ಅವರಿಗೆ ಆಗಲಿಲ್ಲ, ಅದೂ ನಿಜ.

ಒಂದಕ್ಕಿಂತ ಹೆಚ್ಚು ಸಲ ರಾಜೀನಾಮೆ ಕೊಡಲು ಮುಂದಾದರು. 1854ರಲ್ಲಿ ರೋಮಿಗೇ ಹೋದರು. 1855ರ ಮಾರ್ಚ್ ತಿಂಗಳಲ್ಲಿ ಅವರ ರಾಜೀನಾಮೆ ಒಪ್ಪಿಗೆಯಾಯಿತು. ತಂದೆಯ ಮಾತು ಮೀರಿ ಬಂದ ದೇಶ, ಅಕ್ಷರ ತಿದ್ದಿ ಕಲಿತ ಭಾಷೆ, ಕೈಯಾರೆ ಕಟ್ಟಿದ ಗುರುಮಠ, ಎಲ್ಲ ಬಿಟ್ಟು 41ನೇ ವಯಸ್ಸಿನಲ್ಲಿ ಬರಿಗೈ ಮನುಷ್ಯ. ನಮ್ಮ ಕಡೆ ಒಬ್ಬ ಪಂಚಾಯ್ತಿ ಅಧ್ಯಕ್ಷ ಆರು ತಿಂಗಳ ಕುರ್ಚಿ ಬಿಡಲು ಎಷ್ಟು ರಗಳೆ ಮಾಡ್ತಾನೆ ನೋಡಿದ್ದೀರಿ. ಇವರು ಇದ್ದಿದ್ದರೆ ಸಾಯುವ ತನಕ ಬಿಷಪ್ ಆಗಿಯೇ ಇರಬಹುದಿತ್ತು.

ಈ ಹನ್ನೆರಡು ವರ್ಷದ ನೆನಪುಗಳನ್ನು ಅವರು ಬರೆದಿಟ್ಟರು. ನಾವು ಇವತ್ತು ಇಷ್ಟು ಮಾತಾಡಲು ಸಾಧ್ಯವಾಗಿದ್ದು ಆ ಬರಹದಿಂದ.

ಊರಿಗೆ ಹೋಗಿ ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಅವರು ಕೇಳಿಕೊಂಡದ್ದು ಒಂದೇ: ಯಾರೂ ಹೋಗದ ಕಡೆಗೆ ನನ್ನನ್ನು ಕಳಿಸಿ. ಆಗ ಪಶ್ಚಿಮ ಆಫ್ರಿಕಾ ಅಂದರೆ ಯುರೋಪಿನವರ ಗೋರಿ ಅಂತಲೇ ಹೆಸರು. ಹೋದವರು ಜ್ವರಕ್ಕೆ ಸಾಯುತ್ತಿದ್ದರು. ಅಲ್ಲಿಗೆ ಹೋಗುತ್ತೇನೆ ಅಂದರು. ಒಬ್ಬನೇ ಹೋದರೆ ಕೆಲಸ ನನ್ನ ಜೊತೆಗೇ ಸಾಯುತ್ತದೆ, ಅದಕ್ಕೆ ಒಂದು ಸಂಘ ಬೇಕು ಅಂತ 1856ರ ಡಿಸೆಂಬರ್ 8ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಆಫ್ರಿಕಾ ಮಿಷನ್ ಸಂಘವನ್ನು ಶುರು ಮಾಡಿದರು. ಜೊತೆಗಿದ್ದವರು ಬೆರಳೆಣಿಕೆಯ ಜನ. ಇಲ್ಲಿ ಕೊಯಮತ್ತೂರಿನಲ್ಲಿ ಆಗದೇ ಉಳಿದ ಆಸೆಯನ್ನೇ ಅಲ್ಲಿಗೂ ಹೊತ್ತುಕೊಂಡು ಹೋದರು: ಆಫ್ರಿಕಾದವರನ್ನೇ ಗುರುಗಳನ್ನಾಗಿ ತಯಾರು ಮಾಡೋದು.

ಅವರು ಬಯಸಿದ್ದು ದಹೋಮಿ ರಾಜ್ಯ, ಇವತ್ತಿನ ಬೆನಿನ್ ದೇಶ. ರೋಮಿನವರು ಕೊಟ್ಟದ್ದು ಸಿಯೆರಾ ಲಿಯೋನ್. 1859ರ ಮೇ 14ರಂದು ಅಲ್ಲಿನ ಫ್ರೀಟೌನ್ ಬಂದರಿಗೆ ಹಡಗು ಬಂತು. ಊರಿನಲ್ಲಿ ಹಳದಿ ಜ್ವರ ಹಬ್ಬಿತ್ತು. ಅದು ಗೊತ್ತಿದ್ದೂ ಇಳಿದರು. ಹಳದಿ ಜ್ವರ ಸೊಳ್ಳೆಯಿಂದ ಬರುತ್ತದೆ. ಆದರೆ ಅದು ಜಗತ್ತಿಗೆ ಖಚಿತವಾಗಿ ತಿಳಿದದ್ದು 1900ರ ಹೊತ್ತಿಗೆ, ಇವರ ನಂತರ ನಲವತ್ತು ವರ್ಷಕ್ಕೆ. ಸೊಳ್ಳೆಪರದೆ ಕಟ್ಟಿಕೊಳ್ಳಿ ಅಂತ ಹೇಳುವವರೂ ಇರಲಿಲ್ಲ. ಮೊದಲು ಜೊತೆಯವರು ಹೋದರು. ಜೂನ್ 25ರಂದು ಬ್ರೆಸಿಯಾಕ್ ತೀರಿಕೊಂಡರು. ಅಲ್ಲಿ ಬದುಕಿದ್ದು ಆರು ವಾರ. ವಯಸ್ಸು 45.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫ್ರಾನ್ಸಿನಲ್ಲಿ ಉಳಿದಿದ್ದ ಅವರ ಜೊತೆಗಾರ ಒಗಸ್ತಾಂ ಪ್ಲಾಂಕ್ ಸಂಘವನ್ನು ಕೈಬಿಡಲಿಲ್ಲ. 1861ರಲ್ಲಿ ಆ ಸಂಘದವರು ದಹೋಮಿಗೆ ಹೋದರು. ಪ್ಲಾಂಕ್ 1907ರಲ್ಲಿ ತೀರಿಕೊಳ್ಳುವ ತನಕ ಅದನ್ನು ನಡೆಸಿದರು. ಆ ಸಂಘ ಇವತ್ತಿಗೂ ಇದೆ. ಅದರಲ್ಲಿ ಇವತ್ತು ಇಂಡಿಯಾದವರೂ ಇದ್ದಾರೆ, ಆಫ್ರಿಕಾದವರೂ ಇದ್ದಾರೆ.

ಕೊಯಮತ್ತೂರಿನಲ್ಲಿ ಏನಾಯಿತು ಅಂತ ಕೇಳ್ತೀರಿ. ಅವರು ಅವಸರ ಮಾಡುತ್ತಾರೆ ಅಂದವರು ಇದ್ದರಲ್ಲ, ಈಗ ಲೆಕ್ಕ ನೋಡಿ. ಕರುಮತ್ತಂಪಟ್ಟಿಯಲ್ಲಿ ದೀಕ್ಷೆ ಆದದ್ದು 1846. ತೂತ್ತುಕುಡಿಯಲ್ಲಿ ತಿಬುರ್ತಿಯುಸ್ ರೋಚ್ ಅನ್ನುವ ಇಂಡಿಯಾದವರು ಬಿಷಪ್ ಆದದ್ದು 1923. ಕೊಯಮತ್ತೂರಿಗೆ ಮೊದಲ ತಮಿಳು ಬಿಷಪ್, ಉಪಕಾರಸ್ವಾಮಿ, ಬಂದದ್ದು 1940. ಅಂದರೆ 94 ವರ್ಷ. ಬೆಂಗಳೂರಿಗೆ ಥಾಮಸ್ ಪೋತಕಮೂರಿ ಬಿಷಪ್ ಆದದ್ದು 1942. 1953ರಲ್ಲಿ ಬೆಂಗಳೂರು ಮಹಾಪ್ರಾಂತ ಆದಾಗ ಅವರೇ ಮೊದಲ ಮಹಾಧರ್ಮಾಧ್ಯಕ್ಷರು. ಮುಂಬಯಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿನ ಆರ್ಚ್‌ಬಿಷಪ್ ಥಾಮಸ್ ರಾಬರ್ಟ್ಸ್ ಇಂಗ್ಲೆಂಡಿನವರು. ಇಂಡಿಯಾದವರೇ ಆ ಜಾಗಕ್ಕೆ ಬರಬೇಕು ಅಂತ ತಾವಾಗಿ ಪಕ್ಕಕ್ಕೆ ಸರಿದರು. 1950ರಲ್ಲಿ ವಲೇರಿಯನ್ ಗ್ರೇಶಿಯಸ್ ಆ ಪೀಠಕ್ಕೆ ಬಂದರು. ಬ್ರೆಸಿಯಾಕ್ ಬಯಸಿದ್ದು ಇಂಥದ್ದನ್ನೇ.

ಕೊಯಮತ್ತೂರು ಧರ್ಮಪ್ರಾಂತದಿಂದಲೇ ಒಬ್ಬ ಮಹಾಧರ್ಮಾಧ್ಯಕ್ಷರು ಬಂದರು. ಅಂತೋನಿ ಪಡಿಯಾರ. ಹುಟ್ಟಿದ್ದು 1921ರಲ್ಲಿ ಕೇರಳದ ಮಣಿಮಲ. ಕೊಯಮತ್ತೂರು ಪ್ರಾಂತಕ್ಕೆ ಗುರುವಾಗಲು ಬಂದು, ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಓದಿ, 1945ರಲ್ಲಿ ಪಾದ್ರಿಯಾದರು. 1955ರಲ್ಲಿ ಮೈಸೂರು ಪ್ರಾಂತದಿಂದ ಊಟಿಯನ್ನು ಬೇರೆ ಮಾಡಿದಾಗ ಅದಕ್ಕೆ ಮೊದಲ ಬಿಷಪ್. ಬಡಗರ ಬೆಟ್ಟ, ಟೀ ತೋಟದ ಕೂಲಿಯವರು, ಕೆಳಗೆ ಸತ್ಯಮಂಗಲ, ಗೋಬಿ ಕಡೆಯ ಹಳ್ಳಿಗಳು, ಇವೆಲ್ಲ ಅವರ ಪ್ರಾಂತ. ಹದಿನೈದು ವರ್ಷ ಅಲ್ಲಿದ್ದು, 1970ರಲ್ಲಿ ಕೇರಳದ ಚಂಗನಾಶೇರಿಗೆ ಆರ್ಚ್‌ಬಿಷಪ್ ಆಗಿ ಹೋದರು. ಆಮೇಲೆ ಎರ್ನಾಕುಲಂ. 1988ರಲ್ಲಿ ಕಾರ್ಡಿನಲ್ ಆದರು. 1998ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. 2000ದ ಮಾರ್ಚ್‌ನಲ್ಲಿ ತೀರಿಕೊಂಡರು. ಅವರದೇ ಒಂದು ಪಾಠ ಮಾಡಬಹುದು, ಇನ್ನೊಂದು ದಿನ ಮಾಡೋಣ.

2020ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಬ್ರೆಸಿಯಾಕ್ ಅವರಿಗೆ 'ಪೂಜ್ಯ' ಅನ್ನುವ ಗೌರವ ಕೊಟ್ಟರು. ಕ್ಯಾಥೊಲಿಕರಲ್ಲಿ ಸಂತರಾಗುವ ದಾರಿಯ ಒಂದು ಮೆಟ್ಟಿಲು ಅದು. ಅವರು ಸತ್ತು 160 ವರ್ಷ ಕಳೆದಿತ್ತು.

ಈ ಭಾಷಣ ತಯಾರು ಮಾಡುವ ಮುಂಚೆ ನಾನು ಕರುಮತ್ತಂಪಟ್ಟಿಗೆ ಹೋಗಿ ಬಂದೆ. ಕೊಯಮತ್ತೂರಿನ ಬಸ್ ನಿಲ್ದಾಣದಲ್ಲಿ ಅವಿನಾಶಿ ಬಸ್ಸು ಯಾವುದು ಅಂತ ಗೊತ್ತಾಗದೆ ಅರ್ಧ ಗಂಟೆ ನಿಂತೆ. ಬೋರ್ಡು ತಮಿಳಿನಲ್ಲಿ. ಡಿಗ್ರಿ ಓದಿದ ಮೇಷ್ಟ್ರು, ಒಂದಕ್ಷರ ಗೊತ್ತಿಲ್ಲ. ಕೊನೆಗೆ ಹೂವು ಮಾರುವ ಒಬ್ಬ ಅಮ್ಮ ನನ್ನ ತಡವರಿಕೆ ಕೇಳಿ "ಎಲ್ಲಿಗಪ್ಪ ಹೋಗ್ಬೇಕು?" ಅಂತ ಕನ್ನಡದಲ್ಲೇ ಕೇಳಿದರು. ದೇವಾಂಗದವರಂತೆ. ಬಸ್ಸು ತೋರಿಸಿದರು. "ಬೋರ್ಡು ಓದಿ ಹೇಳಿದ್ರಾ?" ಅಂದೆ. "ಇಲ್ಲಪ್ಪ, ನಂಗೆ ಯಾವ ಅಕ್ಷರಾನೂ ಬರಲ್ಲ. ಬಸ್ಸಿನ ಬಣ್ಣ ನೋಡಿ ಹೇಳಿದ್ದು" ಅಂದರು.

ನಾನು ಚರ್ಚು ನೋಡಿಕೊಂಡು ಸಂಜೆ ವಾಪಸು ಬರುವಾಗ ಆ ಅಮ್ಮ ಅಲ್ಲೇ ಇದ್ದರು. ಸತ್ಯಮಂಗಲದ ಬಸ್ಸು ಯಾವುದು ಅಂತ ಮತ್ತೆ ಅವರನ್ನೇ ಕೇಳಿದೆ.